ಹುಬ್ಬೆ ಮಳೆಯಿಂದ ವಿಶಾಖೆ ಮಳೆವರೆಗೆ: ತುಮಕೂರಿನ ಕೆರೆಗಳಲ್ಲಿ ವಲಸೆ ಹಕ್ಕಿ ನೋಡುವುದು ಹೇಗೆ

ಸೆಪ್ಟೆಂಬರ್ ಬಂತೆಂದರೆ ಪರಿಚಯದವರು ಕೇಳುವ ಪ್ರಶ್ನೆ ಒಂದೇ. "ಈ ಸಲ ಹಕ್ಕಿ ನೋಡೋಕೆ ಎಲ್ಲಿಗೆ ಹೋಗೋಣ?" ನಾನು ಹೇಳುವುದೂ ಒಂದೇ. ನಿಮ್ಮ ಮನೆಗೆ ಹತ್ತಿರದ ಕೆರೆಗೆ ಹೋಗಿ, ಹತ್ತು ವಾರ ಹೋಗಿ. ಹತ್ತು ಜಾಗಕ್ಕೆ ಒಂದೊಂದು ಸಲ ಹೋದರೆ ಹಕ್ಕಿಗಳ ಹೆಸರು ಸಿಗುತ್ತವೆ. ಒಂದೇ ಜಾಗಕ್ಕೆ ಹತ್ತು ಸಲ ಹೋದರೆ ವಲಸೆ ಕಾಣುತ್ತದೆ. ಹೋದ ಭಾನುವಾರ ಖಾಲಿ ಇದ್ದ ಕೋಡಿ ಕಲ್ಲಿನ ಮೇಲೆ ಈ ಭಾನುವಾರ ಬೂದು ಸಿಪಿಲೆಯೊಂದು ಬಾಲ ಕುಣಿಸುತ್ತಾ ನಿಂತಿದೆ ಎಂದಿಟ್ಟುಕೊಳ್ಳಿ. ಹಿಮಾಲಯದ ಕಡೆಯಿಂದ ಹೊರಟ ಆ ಹಕ್ಕಿ ಈ ಏಳು ದಿನದೊಳಗೆ ನಿಮ್ಮೂರಿಗೆ ಇಳಿದಿದೆ. ಇದು ಗೊತ್ತಾಗುವುದು ಹೋದ ಭಾನುವಾರವೂ ಅಲ್ಲಿ ಇದ್ದವರಿಗೆ ಮಾತ್ರ.

ಕೆರೆ ಆರಿಸಿಕೊಳ್ಳುವುದು

ತುಮಕೂರು ನಗರದವರಿಗೆ ಅಮಾನಿಕೆರೆ ಇದೆ, ಬುಗುಡನಹಳ್ಳಿ ಕೆರೆ ಇದೆ, ಮೈದಾಳ ಕೆರೆ ಇದೆ. ಕುಣಿಗಲ್‌ನವರಿಗೆ ದೊಡ್ಡಕೆರೆ, ಇನ್ನೂ ಸ್ವಲ್ಪ ದೂರ ಹೋದರೆ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ. ಹೆಸರಿರುವ ಕೆರೆಯೇ ಬೇಕು ಅಂತೇನೂ ಇಲ್ಲ. ಊರ ಮುಂದಿನ ಚಿಕ್ಕ ಕಟ್ಟೆಯೂ ಆದೀತು. ನಾನು ನೋಡುವುದು ಎರಡೇ. ಬೆಳಿಗ್ಗೆ ಅರ್ಧ ಗಂಟೆಯೊಳಗೆ ತಲುಪಬೇಕು, ಇಲ್ಲದಿದ್ದರೆ ನಾಲ್ಕನೇ ವಾರಕ್ಕೆ ಹೋಗುವುದು ತಪ್ಪುತ್ತದೆ. ಎರಡನೆಯದು, ಕೆರೆಯ ಒಂದು ಕಡೆಯಾದರೂ ತೆಳು ನೀರು ಇರಬೇಕು. ಸುತ್ತಲೂ ಕಲ್ಲು ಕಟ್ಟಿ, ನಡೆಯುವ ದಾರಿ ಮಾಡಿ, ಅಂಚೇ ಇಲ್ಲದಂತೆ ಮಾಡಿದ ಕೆರೆಯಲ್ಲಿ ಬಾತುಗಳು ಸಿಕ್ಕಬಹುದು. ಕೆಸರು ಕೆದಕುವ ಗೊರವಗಳಿಗೆ ಅಲ್ಲಿ ಕಾಲೂರಲು ಜಾಗ ಇರುವುದಿಲ್ಲ.

ಕೆರೆಯನ್ನು ಒಂದೇ ಜಾಗ ಅಂದುಕೊಳ್ಳಬೇಡಿ. ನಮ್ಮ ಹಿರಿಯರು ಅದಕ್ಕೆ ಇಟ್ಟ ಹೆಸರುಗಳನ್ನೇ ಬಳಸಿ ಭಾಗ ಮಾಡಿಕೊಳ್ಳಿ. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು. ಏರಿಯ ಹತ್ತಿರ ನೀರು ಆಳ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ ಅಲ್ಲಿರುತ್ತವೆ. ಕೋಡಿಯಲ್ಲಿ ನೀರು ಹರಿಯುವ ಕಲ್ಲುಗಳ ಮೇಲೆ ಸಿಪಿಲೆ ಮತ್ತು ಗೊರವ. ನೀರು ಏರಿದಂತೆ ಮುಂದೆ ಸರಿಯುವ, ಇಳಿದಂತೆ ಹಿಂದೆ ಸರಿಯುವ ಅಂಗಳದ ಅಂಚೇ ವಲಸೆ ಹಕ್ಕಿಗಳ ಊಟದ ಮನೆ. ಏರಿ ಕೆಳಗಿನ ಅಚ್ಚುಕಟ್ಟಿನ ಗದ್ದೆಗಳನ್ನು ತುಂಬಾ ಜನ ಮರೆಯುತ್ತಾರೆ. ನಾಟಿ ಹಾಕಿದ ಗದ್ದೆ ಇದ್ದರೆ ಹಳದಿ ಸಿಪಿಲೆ, ಗದ್ದೆಗೊರವ ಎರಡೂ ಅಲ್ಲೇ ಇರುತ್ತವೆ.

ಒಂದು ತೊಡಕಿದೆ. ನಮ್ಮ ಜಿಲ್ಲೆಗೆ ಜಾಸ್ತಿ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಕ್ಕಿಗಳು ಬರುವ ಹೊತ್ತಿಗೇ ಕೆರೆ ತುಂಬುತ್ತದೆ. ಕೆಸರು ಮುಳುಗಿದರೆ ಗೊರವಗಳು ಎಲ್ಲೂ ಇಲ್ಲವೇನೋ ಅನ್ನಿಸುತ್ತದೆ. ಆಗ ಅಂಗಳದ ತುದಿಗೆ, ಹಳ್ಳ ಬಂದು ಸೇರುವ ಜಾಗಕ್ಕೆ ಹೋಗಿ. ಹೊಲದ ಬದುವಿನಲ್ಲಿ ನಿಂತ ಮಳೆ ನೀರನ್ನೂ ನೋಡಿ. ಬುಗುಡನಹಳ್ಳಿಯಂಥ ಕೆರೆಗೆ ಹೇಮಾವತಿ ನಾಲೆಯಿಂದ ನೀರು ಬರುತ್ತದೆ. ಅಲ್ಲಿ ಮಳೆ ಇಲ್ಲದಿದ್ದರೂ ಮಟ್ಟ ಏರಬಹುದು. ಅದಕ್ಕೇ ಪ್ರತಿ ವಾರ ನೀರು ಎಲ್ಲಿವರೆಗಿದೆ ಎಂದು ಬರೆದಿಡಿ. ಒಂದು ಬಂಡೆ ಅಥವಾ ಜಾಲಿ ಮರವನ್ನು ಗುರುತಿಗೆ ಇಟ್ಟುಕೊಂಡರೆ ಸಾಕು.

ನೀರಿಗೆ ಮಾತ್ರ ಇಳಿಯಬೇಡಿ. ಹೂಳು ಎತ್ತಿದ, ಮಣ್ಣು ತೆಗೆದ ಗುಂಡಿಗಳು ಕೆರೆ ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲುದ್ದ ನೀರು ಅಂದುಕೊಂಡ ಜಾಗದಲ್ಲಿ ಎರಡಾಳು ಆಳ ಇರಬಹುದು. ಮಕ್ಕಳನ್ನು ಕರೆದುಕೊಂಡು ಹೋದಾಗ ಈ ಮಾತನ್ನು ಮೊದಲೇ ಹೇಳಿ, ಅಂಚಿನಿಂದ ದೂರ ನಿಲ್ಲಿಸಿ.

ಜೊತೆಗೆ ಏನು ಬೇಕು

ಒಂದು ದುರ್ಬೀನು ಬೇಕು. ಅದರ ಮೇಲೆ 8×42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದರ್ಥ. ಶುರು ಮಾಡುವವರಿಗೆ ಇದೇ ಒಳ್ಳೆಯದು. ಹತ್ತು ಪಟ್ಟಿನದು ಕೈಯಲ್ಲಿ ಜಾಸ್ತಿ ನಡುಗುತ್ತದೆ. ದುರ್ಬೀನು ಇಲ್ಲವೆಂದು ಮನೆಯಲ್ಲಿ ಕೂರಬೇಡಿ. ತಂತಿ ಮೇಲಿನ ಕವಲುತೋಕೆ, ಬೇಲಿ ಮೇಲಿನ ಕಳಿಂಗ, ತೋಟದ ಕಳ್ಳಿಪೀರ ಇವಕ್ಕೆ ಕಣ್ಣೇ ಸಾಕು. ಜೇಬಿಗೆ ಹಿಡಿಸುವ ಪುಸ್ತಕ, ಪೆನ್ಸಿಲ್ಲು, ಟೋಪಿ, ನೀರು. ಬಟ್ಟೆ ಮಣ್ಣಿನ ಬಣ್ಣದ್ದಾದರೆ ಒಳ್ಳೆಯದು.

ಮೊಬೈಲ್‌ನಲ್ಲಿ ಇ-ಬರ್ಡ್ ಮತ್ತು ಮರ್ಲಿನ್ ಎಂಬ ಎರಡು ಉಚಿತ ಆ್ಯಪ್‌ಗಳಿವೆ. ಎರಡೂ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಅಧ್ಯಯನ ಕೇಂದ್ರದವು. ಇ-ಬರ್ಡ್ ಪಟ್ಟಿ ಬರೆಯಲಿಕ್ಕೆ, ಮರ್ಲಿನ್ ಗುರುತಿಸಲಿಕ್ಕೆ. ಮರ್ಲಿನ್ ಹೇಳಿದ ಹೆಸರನ್ನು ಹಕ್ಕಿಯನ್ನು ಕಣ್ಣಾರೆ ನೋಡದೆ ಪಟ್ಟಿಗೆ ಹಾಕಬೇಡಿ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಚೆನ್ನಾಗಿ ಅಣಕಿಸುತ್ತದೆ. ಆ್ಯಪ್ ಅಲ್ಲಿ ಮೋಸ ಹೋಗುತ್ತದೆ.

ಇನ್ನೊಂದು ತಯಾರಿಗೆ ದುಡ್ಡು ಬೇಡ. ಆಗಸ್ಟ್ ತಿಂಗಳಲ್ಲೇ ನಿಮ್ಮ ಕೆರೆಯ ಕಾಯಂ ಹಕ್ಕಿಗಳನ್ನು ಕಲಿಯಿರಿ. ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಕೊಳದ ಬಕ, ಮಿಂಚುಳ್ಳಿ, ಮಡಿವಾಳ, ಪಿಕಳಾರ, ಕೊಕ್ಕಿನ ತುದಿ ಹಳದಿ ಇರುವ ಚುಕ್ಕೆಕೊಕ್ಕಿನ ಬಾತು, ಹಾರುವಾಗ ಶಿಳ್ಳೆ ಹೊಡೆಯುವ ಶಿಳ್ಳೆ ಬಾತು. ಇವರೆಲ್ಲ ಮನೆಯವರು. ಮನೆಯವರ ಗುರುತು ಇದ್ದರೆ ತಾನೇ ನೆಂಟರು ಬಂದದ್ದು ತಿಳಿಯುವುದು?

ಮಳೆ ಲೆಕ್ಕದಲ್ಲಿ ವಲಸೆ

ನಮ್ಮ ರೈತರು ತಿಂಗಳು ಹೇಳುವುದಕ್ಕಿಂತ ಮಳೆ ಹೇಳುವುದು ಜಾಸ್ತಿ. ಒಂದೊಂದು ಮಳೆ ನಕ್ಷತ್ರಕ್ಕೂ ಹದಿಮೂರು, ಹದಿನಾಲ್ಕು ದಿನ. ವಲಸೆ ಹಕ್ಕಿಗಳನ್ನು ನೆನಪಿಡಲು ಇದಕ್ಕಿಂತ ಸರಿಯಾದ ಅಳತೆ ನನಗೆ ಸಿಕ್ಕಿಲ್ಲ. ತಿಂಗಳು ತೀರಾ ಉದ್ದ, ವಾರ ತೀರಾ ಚಿಕ್ಕದು.

ಹುಬ್ಬೆ ಮಳೆ ಆಗಸ್ಟ್ ಕೊನೆಗೆ ಶುರುವಾಗುತ್ತದೆ. ಆ ಹೊತ್ತಿಗೆ ಗೊರವಗಳು ಆಗಲೇ ಬಂದಿರುತ್ತವೆ. ಬೇರೆಯವರಿಗಿಂತ ಮುಂಚೆ ಹೊರಡುವ ಹಕ್ಕಿಗಳು ಅವು. ಹುಬ್ಬೆಯಲ್ಲೇ ಬೂದು ಸಿಪಿಲೆಯೂ ಬರುತ್ತದೆ. ಬೆನ್ನು ಬೂದಿ ಬಣ್ಣ, ಬಾಲದ ಕೆಳಗೆ ಹಳದಿ, ಬಾಲ ಮೈಗಿಂತ ಉದ್ದ ಅನ್ನಿಸುವಷ್ಟು. ಕೆರೆಯಲ್ಲಿ ವರ್ಷವಿಡೀ ಇರುವ ದೊಡ್ಡ ಕರಿಬಿಳಿ ಸಿಪಿಲೆಯ ಜೊತೆ ಇದನ್ನು ಬೆರೆಸಬೇಡಿ. ನಾಮದ ಚಿಲುಮೆ, ದೇವರಾಯನದುರ್ಗದ ಕಾಡುದಾರಿಯಲ್ಲಿ ನೀರು ಹರಿಯುವ ಕಡೆ ಬೂದು ಸಿಪಿಲೆಯನ್ನು ಹುಡುಕಿ. ತಂತಿಗಳ ಮೇಲೆ ಕವಲುತೋಕೆಗಳು ಸಾಲಾಗಿ ಕೂರತೊಡಗುವುದೂ ಈಗಲೇ.

ಉತ್ತರೆ ಮತ್ತು ಹಸ್ತ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ 10ರವರೆಗೆ, ಕಿವಿ ಕೆಲಸ ಮಾಡುವ ಕಾಲ. ಹುಣಸೆ, ಹೊಂಗೆ, ಬೇವಿನ ಮರಗಳ ತುದಿಯಿಂದ "ಚಿ-ಸ್ವಿಟ್" ಎಂಬ ಎರಡಕ್ಷರದ ದನಿ ಕೇಳಿದರೆ ಅದು ಹಸಿರು ಉಲಿಯಕ್ಕಿ. ಹೆಬ್ಬೆರಳಷ್ಟು ಮೈ, ಒಂದು ಗಳಿಗೆಯೂ ಸುಮ್ನೆ ಕೂರುವುದಿಲ್ಲ, ಎಲೆಯ ಬಣ್ಣವೇ ಅದರ ಬಣ್ಣ. ನೋಡಿ ಗುರುತಿಸುವ ಹಟ ಬಿಡಿ, ದನಿ ಕಲಿಯಿರಿ. ಒಂದೊಂದು ಹಕ್ಕಿಯೂ ಚಳಿಗಾಲ ಪೂರ್ತಿ ತನ್ನದೇ ಜಾಗ ಹಿಡಿದು ಕಾಯುತ್ತದೆ. ಇವತ್ತು ಹುಣಸೆ ಮರದಲ್ಲಿ ಕೇಳಿದ್ದು ಫೆಬ್ರವರಿಯಲ್ಲೂ ಅಲ್ಲೇ ಕೇಳಬಹುದು. ಬೇಲಿಯ ಪೊದೆಯೊಳಗಿಂದ ಕಲ್ಲಿಗೆ ಕಲ್ಲು ತಾಗಿಸಿದಂತೆ "ಚಕ್, ಚಕ್" ಎಂದರೆ ಬ್ಲೈತನ ಉಲಿಯಕ್ಕಿ. "ಚರ್ರ್" ಎಂದು ಬೈದಂತೆ ಕೂಗಿದರೆ ಕಂದು ಕಳಿಂಗ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಕಂದು ಹಕ್ಕಿ ಅದು. ಒಂದೇ ಗೂಟದ ಮೇಲೆ ದಿನಾ ಕೂರುತ್ತದೆ. ತೆಂಗಿನ ತೋಟದ ಮೇಲೆ ನೀಲಿಬಾಲದ ಕಳ್ಳಿಪೀರಗಳ ಗುಂಪೂ ಈಗ ಕಾಣುತ್ತದೆ. ಊರಿನ ಹಸಿರು ಕಳ್ಳಿಪೀರಕ್ಕಿಂತ ಅವು ದೊಡ್ಡವು.

ಚಿತ್ತೆ ಮಳೆಯಲ್ಲಿ ಕಾಡಿನ ಹಕ್ಕಿಗಳು ಊರ ಮೇಲೆ ಹಾದುಹೋಗುತ್ತವೆ. ಹೊನ್ನಕ್ಕಿ, ರಾಜಹಕ್ಕಿ, ನವರಂಗ. ಅಕ್ಟೋಬರ್‌ನ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ. ಆ ದಿನ ಕೆರೆಗೆ ಹೋಗುವ ಅಭ್ಯಾಸ ಇಟ್ಟುಕೊಂಡರೆ ವರ್ಷದಿಂದ ವರ್ಷಕ್ಕೆ ಹೋಲಿಸಲು ಒಂದು ಗೊತ್ತಾದ ದಿನ ಸಿಗುತ್ತದೆ.

ಅಕ್ಟೋಬರ್ 24ರ ಸುಮಾರಿಗೆ ಸ್ವಾತಿ, ನವೆಂಬರ್ ಮೊದಲ ವಾರ ದಾಟಿದ ಮೇಲೆ ವಿಶಾಖೆ. ಈಗ ಬಾತುಗಳ ಸರದಿ. ಪಟ್ಟೆತಲೆ ಹೆಬ್ಬಾತಿಗೆ ಮಾತ್ರ ಈಗಲೇ ಕಾಯಬೇಡಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರುವ ಅವು ನಮ್ಮ ರಾಜ್ಯಕ್ಕೆ ಇಳಿಯುವುದು ಇನ್ನೂ ತಡವಾಗಿ. ಅವನ್ನು ನೋಡಲೇಬೇಕಿದ್ದರೆ ಜನವರಿಯಲ್ಲಿ ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಹೋಗಿ.

ಒಂದು ಬೆಳಗಿನ ಕ್ರಮ

ಆರು ಗಂಟೆ ಹೊತ್ತಿಗೆ ಕೆರೆ ಮುಟ್ಟಿ. ಮೊದಲ ಹತ್ತು ನಿಮಿಷ ನಡೆಯಬೇಡಿ, ಕೂತುಬಿಡಿ. ನೀವು ಬಂದದ್ದಕ್ಕೆ ಟಿಟ್ಟಿಭ ಊರಿಗೆಲ್ಲ ಸುದ್ದಿ ಹೇಳುತ್ತದೆ. ಅದು ಸುಮ್ಮನಾದ ಮೇಲೆ ಉಳಿದ ಹಕ್ಕಿಗಳೂ ಸಮಾಧಾನ ಆಗುತ್ತವೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಲಿ, ಅಂದರೆ ಕೆರೆಯ ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಅಂಗಳ ಪಶ್ಚಿಮಕ್ಕಿದ್ದು ಏರಿ ಪೂರ್ವಕ್ಕಿದ್ದರೆ ನೀವು ಪುಣ್ಯವಂತರು.

ಆಮೇಲೆ ಪ್ರತಿ ವಾರ ಅದೇ ದಾರಿ, ಅದೇ ದಿಕ್ಕು, ಸುಮಾರು ಅಷ್ಟೇ ಹೊತ್ತು. ನಾನು ತೂಬಿನಿಂದ ಕೋಡಿಗೆ, ಕೋಡಿಯಿಂದ ಅಂಗಳಕ್ಕೆ, ಕೊನೆಗೆ ಅಚ್ಚುಕಟ್ಟಿಗೆ ಹೋಗುತ್ತೇನೆ. ಎಂಟೂವರೆಗೆ ಮುಗಿಯುತ್ತದೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಬಿಟ್ಟಿದ್ದರೆ ತಪ್ಪಿಸಬೇಡಿ. ರಾತ್ರಿ ಹಾರುವ ಹಕ್ಕಿಗಳು ಮಳೆಗೆ ಸಿಕ್ಕಿ ಕೆಳಗೆ ಇಳಿದಿರುತ್ತವೆ.

ತೆಪ್ಪದಲ್ಲಿ ಮೀನು ಹಿಡಿಯುವವರ ಹತ್ತಿರ ಮಾತಾಡಿ. "ಅಣ್ಣಾ, ಈ ಸಣ್ಣ ಬಾತುಕೋಳಿಗಳು ಯಾವಾಗಿಂದ ಇದಾವೆ?" ಎಂದು ಕೇಳಿದರೆ, "ಮೊನ್ನೆ ಅಮಾವಾಸ್ಯೆ ಆದ ಮೇಲೆ ಬಂದ್ವು ಸ್ವಾಮಿ" ಅನ್ನುತ್ತಾರೆ. ನಾನು ವಾರಕ್ಕೊಮ್ಮೆ ಹೋಗುವವನು, ಅವರು ದಿನಾ ನೀರಿನ ಮೇಲಿರುವವರು. ನನ್ನ ಪುಸ್ತಕದಲ್ಲಿ ಎಷ್ಟೋ ತಾರೀಕುಗಳು ಅವರು ಹೇಳಿದವು. ಪಕ್ಕದಲ್ಲಿ "ಕೇಳಿದ್ದು" ಎಂದು ಬರೆದಿಟ್ಟಿದ್ದೇನೆ.

ಮೂರು ಗೊರವ, ಮೂರು ಬಾತು

ಹೊಸಬರು ಬೇಸತ್ತು ಬಿಟ್ಟುಬಿಡುವುದು ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಕೆರೆ ಅಂಚಿನ ಮೂರು ಸಾಮಾನ್ಯ ಗೊರವಗಳು ದೂರದಿಂದ ಒಂದೇ ಥರ, ಮೇಲೆ ಕಂದು, ಕೆಳಗೆ ಬಿಳಿ. ನಿಂತಾಗ ನೋಡುವುದಕ್ಕಿಂತ ಹಾರಿದಾಗ ನೋಡಿ. ಆದರೆ ನೀವಾಗಿ ಎಬ್ಬಿಸಬೇಡಿ, ಅದಾಗಿ ಹಾರುವವರೆಗೆ ಕಾಯಿರಿ. ಮೊದಲನೆಯದರ ಹೆಸರೇ ಸಾಮಾನ್ಯ ಗೊರವ, ಅದು ನೀರಿಗೆ ಅಂಟಿಕೊಂಡಂತೆ ಕೆಳಗೇ ಹಾರುತ್ತದೆ. ರೆಕ್ಕೆಯನ್ನು ಪಟಪಟ ನಡುಗಿಸಿ, ಸ್ವಲ್ಪ ತೇಲಿ, ಮತ್ತೆ ನಡುಗಿಸುತ್ತದೆ. ರೆಕ್ಕೆಯಲ್ಲಿ ಬಿಳಿ ಗೆರೆ, ಸೊಂಟದಲ್ಲಿ ಬಿಳಿ ಇಲ್ಲ. ನಿಂತಾಗ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಎದೆಯ ಬಿಳಿ ರೆಕ್ಕೆಯ ಮುಂದೆ ಮೊನೆಯಂತೆ ಮೇಲಕ್ಕೆ ಚಾಚಿರುತ್ತದೆ. ಇದನ್ನು ಒಮ್ಮೆ ಕಂಡರೆ ಮರೆಯುವುದಿಲ್ಲ.

ಉಳಿದ ಎರಡಕ್ಕೂ ಹಾರಿದಾಗ ಸೊಂಟ ಬೆಳ್ಳಗೆ ಮಿಂಚುತ್ತದೆ. ಹಸಿರು ಗೊರವ ತುಂಬಾ ಕಪ್ಪು. ರೆಕ್ಕೆಯ ಕೆಳಗೂ ಕಪ್ಪು. ಕಪ್ಪು ಬಿಳುಪಿನ ಹಕ್ಕಿಯೊಂದು ಎದ್ದು ಹೋಯಿತು ಅನ್ನಿಸುತ್ತದೆ. ಹೆಚ್ಚಾಗಿ ಒಂಟಿ. ಹಳ್ಳದ ಮೂಲೆ, ಬಾವಿ ಕಟ್ಟೆ, ಚಿಕ್ಕ ಹೊಂಡವೂ ಅದಕ್ಕೆ ಸಾಕು. ಗದ್ದೆಗೊರವಕ್ಕೆ ಮೈ ಮೇಲೆ ಎಳ್ಳು ಉದುರಿಸಿದಂತೆ ಚುಕ್ಕಿ, ಕಣ್ಣಿನ ಮೇಲೆ ಉದ್ದ ಬಿಳಿ ಹುಬ್ಬು, ಕಾಲು ಹಳದಿ. ರೆಕ್ಕೆಯ ಕೆಳಭಾಗ ತಿಳಿ ಬಣ್ಣ. ಹಾರುವಾಗ "ಚಿಫ್-ಇಫ್-ಇಫ್" ಎಂದು ಗಾಬರಿಯಿಂದ ಕೂಗುತ್ತದೆ. ಗುಂಪಾಗಿ ಕಾಣುವುದು ಇದೇ.

ಬಾತುಗಳ ಕಷ್ಟ ಬೇರೆ. ಪುಸ್ತಕದಲ್ಲಿ ಗಂಡು ಬಾತುಗಳು ಬಣ್ಣ ಬಣ್ಣವಾಗಿರುತ್ತವೆ. ಅಕ್ಟೋಬರ್‌ನಲ್ಲಿ ಕೆರೆಗೆ ಹೋದರೆ ಎಲ್ಲವೂ ಹೆಣ್ಣಿನಂತೆ ಕಂದು. ಹೆಣ್ಣುಗಳೇ ಬಂದಿವೆಯಾ ಅನ್ನಿಸುತ್ತದೆ. ಹಾಗಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತು ಹಳೆಯ ಗರಿಗಳನ್ನು ಉದುರಿಸುತ್ತದೆ. ಹಾರುವ ಗರಿಗಳೂ ಒಟ್ಟಿಗೆ ಉದುರಿ ಕೆಲವು ವಾರ ಹಾರಲಾಗದೆ ಇರಬೇಕಾಗುತ್ತದೆ. ಆಗ ಶತ್ರುಗಳ ಕಣ್ಣಿಗೆ ಬೀಳದಿರಲು ಈ ಮಾಸಲು ಉಡುಗೆ. ಅದೇ ಉಡುಗೆಯಲ್ಲೇ ಎಷ್ಟೋ ಬಾತುಗಳು ನಮ್ಮಲ್ಲಿಗೆ ಬರುತ್ತವೆ. ಬಣ್ಣ ಇಲ್ಲಿಗೆ ಬಂದ ಮೇಲೆ ನಿಧಾನವಾಗಿ ಏರುತ್ತದೆ.

ಅದಕ್ಕೇ ಈ ಕಾಲದಲ್ಲಿ ಬಣ್ಣ ಬಿಟ್ಟು ಆಕಾರ ನೋಡಿ. ಚಲುಕದ ಬಾತಿನ ಕೊಕ್ಕು ಸೌಟಿನಂತೆ ತುದಿಯಲ್ಲಿ ಅಗಲ, ತಲೆಗಿಂತ ಉದ್ದ. ಕೊಕ್ಕು ನೀರಿನಲ್ಲಿಟ್ಟು ತೂರಿಕೊಂಡು ಈಜುತ್ತದೆ. ಸೂಜಿಬಾಲದ ಬಾತಿನ ಕತ್ತು ಉದ್ದ, ಬೂದು ಕೊಕ್ಕು, ಹೆಣ್ಣಿಗೂ ಬಾಲ ಚೂಪು. ಮೂರನೆಯದು ಬಿಳಿಹುಬ್ಬಿನ ಬಾತು, ಗಾರ್ಗೆನಿ ಎಂದೂ ಕರೆಯುತ್ತಾರೆ. ನಮ್ಮ ಕೆರೆಗಳಿಗೆ ಬೇಗ ಬರುವ ಬಾತು ಇದು. ಚಿಕ್ಕದು. ಈ ಕಾಲದಲ್ಲಿ ಗಂಡಿಗೂ ಆ ದೊಡ್ಡ ಬಿಳಿ ಹುಬ್ಬು ಇರುವುದಿಲ್ಲ. ಮುಖದ ಮೇಲೆ ಕಂದು ಗೆರೆ, ಬಿಳಿ ಗೆರೆ ಒಂದರ ಕೆಳಗೊಂದು ಕಾಣುತ್ತವೆ. ಗುಂಪು ಎದ್ದಾಗ ರೆಕ್ಕೆಯ ಮುಂಭಾಗ ನೀಲಿ ಬೂದಿಯಾಗಿ ಹೊಳೆದರೆ ಅದು ಗಂಡು. ಗೊತ್ತಾಗದಿದ್ದರೆ "ಬಾತು, ಗುರುತು ಸಿಗಲಿಲ್ಲ, 12" ಎಂದೇ ಬರೆಯಿರಿ. ಅದೂ ಒಳ್ಳೆಯ ದಾಖಲೆ.

ಕೆರೆ ಬಿಟ್ಟು ಮೂರು ಕಡೆ

ಹತ್ತು ವಾರದಲ್ಲಿ ಎರಡು, ಮೂರು ದಿನ ಬೇರೆ ಕಡೆ ಹೋಗಬೇಕು ಅನ್ನಿಸಿದರೆ ಮೊದಲು ದೇವರಾಯನದುರ್ಗ. ಕಾಡು ಸಿಪಿಲೆ, ನೊಣಹಿಡುಕಗಳು, ರಾಜಹಕ್ಕಿ ಅಲ್ಲಿ ಸಿಗುತ್ತವೆ. ಬಂಡೆಗಳ ನಡುವೆ ಹಳದಿ ಕತ್ತಿನ ಪಿಕಳಾರ ಕಂಡರೆ ನಿಂತು ನೋಡಿ. ಅದು ವಲಸೆ ಹಕ್ಕಿ ಅಲ್ಲ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ.

ಎರಡನೆಯದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಹುಲ್ಲುಗಾವಲಿನ ಮೇಲೆ ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ, ನೆಲಕ್ಕೆ ಹತ್ತಿರ ತೂಗಾಡುತ್ತಾ ಹಾರುವ ಬೇಟೆ ಹಕ್ಕಿ ಕಂಡರೆ ಅದು ಸೆಳೆವ. ಮಧ್ಯ ಏಷ್ಯಾದ ಬಯಲುಗಳಿಂದ ಬಂದು ಇಲ್ಲಿ ಮಿಡತೆ ಹಿಡಿಯುತ್ತದೆ. ಸೆಳೆವಗಳು ರಾತ್ರಿ ಮಲಗುವುದು ಮರದಲ್ಲಲ್ಲ, ಹುಲ್ಲಿನೊಳಗೆ ನೆಲದ ಮೇಲೆ. ಅದಕ್ಕೇ ಸಂಜೆ ಹುಲ್ಲಿನೊಳಗೆ ಕಾಲಿಡಬೇಡಿ, ದಾರಿಯಲ್ಲೇ ನಿಲ್ಲಿ.

ಮೂರನೆಯದರ ಬಗ್ಗೆ ಒಂದು ಎಚ್ಚರಿಕೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರೇ ಅವನ್ನು ಕಾಪಾಡುತ್ತಾ ಬಂದಿದ್ದಾರೆ. ಹೆಸರು ಕೇಳಿ ಅಕ್ಟೋಬರ್‌ನಲ್ಲಿ ಹೋಗಿ ಖಾಲಿ ಮರ ನೋಡಿ ಬರುವವರಿದ್ದಾರೆ. ಅಲ್ಲಿನ ಕಾಲ ಬೇರೆ. ಬೇಸಿಗೆಗೆ ಮುಂಚೆ ಬಂದು ಮಳೆಗಾಲದಲ್ಲಿ ಹೊರಡುವ ಹಕ್ಕಿಗಳು ಅವು. ಮಾರ್ಚ್‌ನಲ್ಲಿ ಹೋಗಿ.

ಹಕ್ಕಿಗೆ ತೊಂದರೆ ಆಗದಂತೆ

ಫೋಟೋಗೋಸ್ಕರ ಗುಂಪನ್ನು ಎಬ್ಬಿಸುವುದು ನನಗೆ ತುಂಬಾ ನೋವು ಕೊಡುವ ವಿಷಯ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಯ ಮೈಯಲ್ಲಿ ಕೊಬ್ಬು ಕರಗಿರುತ್ತದೆ. ಅದು ತಿನ್ನುವ ಹೊತ್ತಿನಲ್ಲಿ ಪದೇ ಪದೇ ಹಾರಿಸಿದರೆ ಗಳಿಸಿದ್ದೆಲ್ಲ ಖರ್ಚಾಗುತ್ತದೆ. ಹಕ್ಕಿ ತಿನ್ನುವುದು ನಿಲ್ಲಿಸಿ ಕತ್ತೆತ್ತಿ ನಿಮ್ಮನ್ನೇ ನೋಡಿದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಎಂದರ್ಥ. ಎರಡು ಹೆಜ್ಜೆ ಹಿಂದೆ ಬನ್ನಿ. ಮೊಬೈಲ್‌ನಲ್ಲಿ ಹಕ್ಕಿ ದನಿ ಹಾಕಿ ಕರೆಯುವುದೂ ಬೇಡ. ಬಲೆ ಹಾಕಿ ಹಕ್ಕಿ ಹಿಡಿಯುವುದು ಕಂಡರೆ ನೀವೇ ಜಗಳಕ್ಕೆ ಹೋಗಬೇಡಿ, ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಚಿತ್ತೆ, ಸ್ವಾತಿ ಮಳೆಯಲ್ಲಿ ಒಂದು ಬೆಳಿಗ್ಗೆ ಮನೆ ಕಿಟಕಿ ಕೆಳಗೆ ಹಸಿರು, ನೀಲಿ, ಕೆಂಪು ಬಣ್ಣದ ಗಿಡ್ಡ ಬಾಲದ ಹಕ್ಕಿ ಮುದುರಿ ಕೂತಿದ್ದರೆ ಅದು ನವರಂಗ. ರಾತ್ರಿ ಹಾರುವಾಗ ದೀಪಕ್ಕೆ ದಾರಿ ತಪ್ಪಿ ಗಾಜಿಗೆ ಬಡಿದಿರುತ್ತದೆ. ಬೆಕ್ಕು, ಕಾಗೆಗೆ ಸಿಗುವ ಮುಂಚೆ ಬಟ್ಟೆಯಲ್ಲಿ ಮೆಲ್ಲಗೆ ಎತ್ತಿ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಡಿ. ಕತ್ತಲೆ, ನಿಶ್ಶಬ್ದ ಇರಲಿ. ಬಾಯಿಗೆ ನೀರು ಬಿಡಬೇಡಿ, ಉಸಿರಾಟಕ್ಕೆ ಹೋಗುತ್ತದೆ. ಎಷ್ಟೋ ಸಲ ಒಂದೆರಡು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತದೆ. ಆಗ ಗಿಡಮರ ಇರುವ ಕಡೆ ಡಬ್ಬಿ ತೆರೆದು ದೂರ ನಿಲ್ಲಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ.

ಬರೆದಿಡುವುದು

ಮೊದಲ ಕೆಲವು ವರ್ಷ ನಾನು "ಬಾತು ಬಂದಿವೆ" ಎಂದಷ್ಟೇ ಬರೆಯುತ್ತಿದ್ದೆ. ಎಷ್ಟು, ಯಾವ ತಾರೀಕು, ನೀರು ಎಷ್ಟಿತ್ತು ಏನೂ ಇಲ್ಲ. ಆ ಪುಟಗಳಿಂದ ಈಗ ಏನೂ ತಿಳಿಯುವುದಿಲ್ಲ. ಆ ವರ್ಷಗಳು ಹೋದವಲ್ಲ ಎಂದು ಇವತ್ತಿಗೂ ಬೇಜಾರು. ಈಗ ಹೀಗೆ ಬರೆಯುತ್ತೇನೆ:

"ಅಕ್ಟೋಬರ್ 14. ಬೆಳಿಗ್ಗೆ 6.10ರಿಂದ 8.25. ರಾತ್ರಿ ಮಳೆ, ಈಗ ಮೋಡ. ನೀರು ಜಾಲಿ ಮರದ ಬುಡಕ್ಕೆ. ಗದ್ದೆಗೊರವ 9, ಹಸಿರು ಗೊರವ 1 ಹಳ್ಳದ ಬಾಯಲ್ಲಿ, ಬೂದು ಸಿಪಿಲೆ 2 ಕೋಡಿ, ಕಂದು ಕಳಿಂಗ 1 ಅದೇ ಗೂಟ. ಬಿಳಿಹುಬ್ಬಿನ ಬಾತು ಸುಮಾರು 40. ಸೂಜಿಬಾಲ 0."

ಕೊನೆಯ ಸೊನ್ನೆ ಮುಖ್ಯ. ಈ ವಾರ ಇರಲಿಲ್ಲ ಎಂದು ಬರೆದಿದ್ದರೆ ಮಾತ್ರ ಮುಂದಿನ ವಾರ ಬಂತು ಎನ್ನಬಹುದು. ದೊಡ್ಡ ಗುಂಪು ಎಣಿಸಲು ಮೊದಲು ಹತ್ತು ಹಕ್ಕಿ ಎಣಿಸಿ, ಅಷ್ಟು ಹಕ್ಕಿ ಎಷ್ಟು ಜಾಗ ಹಿಡಿದಿವೆ ನೋಡಿ, ಆ ಜಾಗವನ್ನು ಅಳತೆಗೋಲು ಮಾಡಿಕೊಂಡು ಗುಂಪಿನ ಮೇಲೆ ಸಾಗಿಸಿ. ಮೂರು ಸಲ ಎಣಿಸಿ ನಡುವಿನ ಸಂಖ್ಯೆ ಬರೆಯಿರಿ. ಯಾವುದಾದರೂ ಹಕ್ಕಿಯ ಕಾಲಿನಲ್ಲಿ ಸಂಶೋಧಕರು ಗುರುತಿಗೆ ಹಾಕಿದ ಬಳೆ ಅಥವಾ ಬಣ್ಣದ ಪಟ್ಟಿ ಕಂಡರೆ ಬಣ್ಣ, ಅಕ್ಷರ, ಯಾವ ಕಾಲು ಎಂದು ಬರೆದುಕೊಳ್ಳಿ. 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರೆ ಆ ಬಳೆ ಎಲ್ಲಿ ಹಾಕಿದ್ದು ಎಂದು ತಿಳಿಯುವ ದಾರಿ ಸಿಗುತ್ತದೆ. ಮನೆಗೆ ಬಂದ ಮೇಲೆ ಅದೇ ದಿನ ಪಟ್ಟಿಯನ್ನು ಇ-ಬರ್ಡ್‌ಗೆ ಹಾಕಿ. ಕಾಗೆ, ಗೊರವಂಕ ಎಂದು ಬಿಡಬೇಡಿ, ಕಂಡ ಎಲ್ಲವನ್ನೂ ಹಾಕಿ.

ವಿಶಾಖೆ ಮುಗಿದ ಮೇಲೆ, ರಾಗಿ ಕೊಯ್ಲು ಆಗಿ ಚಳಿ ಬಿದ್ದ ಮೇಲೆ, ಜನವರಿಯಲ್ಲಿ ಒಂದು ಸಲ ಅದೇ ಪುಸ್ತಕ ಹಿಡಿದು ಅದೇ ಕೆರೆಗೆ ಹೋಗಿ. ಅಷ್ಟು ಹೊತ್ತಿಗೆ ಗಂಡು ಬಾತುಗಳಿಗೆ ಬಣ್ಣ ಬಂದಿರುತ್ತದೆ. ಅಕ್ಟೋಬರ್‌ನಲ್ಲಿ "ಗುರುತು ಸಿಗಲಿಲ್ಲ" ಎಂದು ಬರೆದ ಗುಂಪು ಅದೇ ಮೂಲೆಯಲ್ಲಿ ಇದ್ದರೆ, ಈಗ ಹೆಸರು ಹೇಳಬಹುದು. ಹಳೆಯ ಸಾಲನ್ನು ಅಳಿಸಬೇಡಿ, ಕೆಳಗೆ ಜನವರಿಯ ತಾರೀಕು ಹಾಕಿ ಹೆಸರು ಬರೆಯಿರಿ.